ಓದುಗರ ಪ್ರಶ್ನೆಗೆ ಉತ್ತರ: ಬಂಗಾಳಿ ಕಾದಂಬರಿಗಳು ರಂಗಕ್ಕೂ ತೆರೆಗೂ ಬಂದ ಬಗೆ

ಬಂಗಾಳಿ ಕಾದಂಬರಿಗಳನ್ನೂ ಅವುಗಳಿಂದ ಹುಟ್ಟಿದ ಚಲನಚಿತ್ರ, ನಾಟಕಗಳನ್ನೂ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆಯಾಗಿ ಮಾಡಿಕೊಂಡಿದೆ.

ಪ್ರಶ್ನೆ: ಹಳೆಯ ಹಿಂದಿ ಚಿತ್ರಗಳಲ್ಲಿ ಕಥೆ ಬರೆದವರೆಂದು ಬಂಗಾಳಿ ಲೇಖಕರ ಹೆಸರೇ ಮತ್ತೆ ಮತ್ತೆ ಕಾಣಿಸುತ್ತದೆ. ದೊಡ್ಡ ಕಾದಂಬರಿಕಾರರು ಎಲ್ಲ ಭಾಷೆಗಳಲ್ಲೂ ಇದ್ದಾಗ ಸಿನಿಮಾದವರು ಬಂಗಾಳದ ಕಡೆಗೇ ಏಕೆ ನೋಡಿದರು? (ದಾವಣಗೆರೆ)

ಉತ್ತರ: ಬಂಗಾಳಿ ಲೇಖಕರು ಉಳಿದವರಿಗಿಂತ ಹೆಚ್ಚಿನವರಾಗಿದ್ದರು ಎನ್ನುವುದು ಇದಕ್ಕೆ ಕಾರಣವಲ್ಲ. ಸಿನಿಮಾ ಮಾತು ಕಲಿಯುವ ಹೊತ್ತಿಗೆ ಕಾದಂಬರಿ ಓದುವ ಮನೆಗಳು, ಕಾದಂಬರಿಯನ್ನು ಆಡಿ ತೋರಿಸುವ ರಂಗಭೂಮಿ, ಕಾದಂಬರಿಕಾರರನ್ನೇ ಕೆಲಸಕ್ಕೆ ಕರೆಯುವ ಸ್ಟುಡಿಯೋ ಈ ಮೂರೂ ಕಲ್ಕತ್ತಾ ನಗರವೊಂದರಲ್ಲೇ ಕೂಡಿಬಂದಿದ್ದವು. ಬಂಕಿಮಚಂದ್ರ ಚಟ್ಟೋಪಾಧ್ಯಾಯರ 'ದುರ್ಗೇಶನಂದಿನಿ' ಪ್ರಕಟವಾದದ್ದು 1865ರಲ್ಲಿ. 1872ರಲ್ಲಿ ಅವರೇ ಆರಂಭಿಸಿದ 'ಬಂಗದರ್ಶನ' ಮಾಸಪತ್ರಿಕೆಯಲ್ಲಿ ಕಾದಂಬರಿಗಳು ಕಂತುಕಂತಾಗಿ ಬರತೊಡಗಿದ ಮೇಲೆ ಮುಂದಿನ ಸಂಚಿಕೆಗಾಗಿ ಕಾಯುವ ಒಂದು ಓದುಗ ಬಳಗವೇ ಬೆಳೆಯಿತು. ಅದರಲ್ಲಿ ಒಳಮನೆಯ ಹೆಂಗಸರೂ ಇದ್ದರು. ಕಂತಿನಲ್ಲಿ ಬರೆಯುವವನು ಪ್ರತಿಯೊಂದು ಅಧ್ಯಾಯವನ್ನೂ ಒಂದು ನಿಲುಗಡೆಗೆ ತಂದು ನಿಲ್ಲಿಸಬೇಕಾಗುತ್ತದೆ. ಹೀಗೆ ಬರೆದ ಕಥೆ ದೃಶ್ಯಗಳಾಗಿ ಒಡೆಯುವುದಕ್ಕೆ ಮೊದಲೇ ಅರ್ಧ ಸಿದ್ಧವಾಗಿರುತ್ತದೆ.

ಬಿ. ಎನ್. ಸರ್ಕಾರ್ 1931ರಲ್ಲಿ ಸ್ಥಾಪಿಸಿದ ನ್ಯೂ ಥಿಯೇಟರ್ಸ್ ಚಿತ್ರಸಂಸ್ಥೆಯ ಮೊದಲ ವಾಕ್ಚಿತ್ರ ಶರತ್‌ಚಂದ್ರರ 'ದೇನಾ ಪಾವನಾ' ಕಾದಂಬರಿಯನ್ನು ಆಧರಿಸಿತ್ತು, ಮತ್ತು ಅದನ್ನು ನಿರ್ದೇಶಿಸಿದ ಪ್ರೇಮಾಂಕುರ ಆತರ್ಥಿ ಸ್ವತಃ ಕಥೆಗಾರರು. ಪ್ರೇಮೇಂದ್ರ ಮಿತ್ರ, ಶೈಲಜಾನಂದ ಮುಖೋಪಾಧ್ಯಾಯರಂತಹ ಪ್ರತಿಷ್ಠಿತ ಲೇಖಕರು ಮುಂದೆ ತಾವೇ ಚಿತ್ರ ನಿರ್ದೇಶಕರಾದರು. ದೇಶ ವಿಭಜನೆಯಿಂದ ಕಲ್ಕತ್ತಾದ ಚಿತ್ರೋದ್ಯಮವು ಪೂರ್ವ ಬಂಗಾಳದ ಪ್ರೇಕ್ಷಕರನ್ನು ಕಳೆದುಕೊಂಡು ಕುಗ್ಗಿದ ಕಾಲದಲ್ಲಿ ನಿರ್ದೇಶಕ ಬಿಮಲ್ ರಾಯ್ ಮುಂಬಯಿಗೆ ಹೋದರು. ಅವರ ಬಳಗದಲ್ಲಿ ಸಂಕಲನಕಾರ ಹೃಷಿಕೇಶ್ ಮುಖರ್ಜಿ, ಕಾದಂಬರಿಕಾರ ನಬೇಂದು ಘೋಷ್ ಇದ್ದರು. ಬಿಮಲ್ ರಾಯ್ ಅಲ್ಲಿ ಮಾಡಿದ ಚಿತ್ರಗಳ ಕಥೆಗಳಲ್ಲಿ 1953ರ 'ಪರಿಣೀತಾ', 1954ರ 'ಬಿರಾಜ್ ಬಹು' ಶರತ್‌ಚಂದ್ರರವು, 1959ರ 'ಸುಜಾತಾ' ಸುಬೋಧ್ ಘೋಷರದು, 1963ರ 'ಬಂದಿನಿ' ಜರಾಸಂಧರದು. ಶರತ್‌ಚಂದ್ರರು ಅನುವಾದಗಳ ಮೂಲಕ ಹಿಂದಿ ಓದುಗರಿಗೆ ಆ ವೇಳೆಗಾಗಲೇ ಮನೆಯವರಂತಾಗಿದ್ದುದರಿಂದ ಮುಂಬಯಿಯ ನಿರ್ಮಾಪಕರಿಗೂ ಅಂಜಿಕೆಯಿರಲಿಲ್ಲ.

ಈ ಕಾದಂಬರಿಗಳು ತೆರೆಗೆ ಕೊಟ್ಟದ್ದು ಕಥಾವಸ್ತುವನ್ನು ಮಾತ್ರವೆಂದು ನನಗನ್ನಿಸುವುದಿಲ್ಲ. ಕೂಡುಕುಟುಂಬದ ಅಡುಗೆಮನೆ, ವಿಧವೆಯ ಕೋಣೆ, ಅಣ್ಣತಮ್ಮಂದಿರ ಹೆಂಡಿರ ನಡುವಿನ ಮಾತಿಲ್ಲದ ವೈಮನಸ್ಯ ಇವೂ ನಾಟಕಕ್ಕೆ ಸಾಕಾಗುವಷ್ಟು ದೊಡ್ಡ ವಸ್ತುಗಳು ಎಂಬ ಧೈರ್ಯವನ್ನು ಅವು ಕೊಟ್ಟವು. ಪುರಾಣ ಮತ್ತು ಐತಿಹಾಸಿಕ ವೈಭವಗಳಲ್ಲೇ ಓಡಾಡುತ್ತಿದ್ದ ಭಾರತೀಯ ಸಿನಿಮಾಕ್ಕೆ ಆ ಧೈರ್ಯ ಬೇಕಾಗಿತ್ತು.

ಪ್ರಶ್ನೆ: 'ದೇವದಾಸ' ಇಷ್ಟು ಸಲ ಚಿತ್ರವಾಗಿದೆ. ಅದು ಶರತ್‌ಚಂದ್ರರ ಶ್ರೇಷ್ಠ ಕೃತಿಯೇ? ಚಿತ್ರಗಳು ಕಾದಂಬರಿಗೆ ನಿಷ್ಠವಾಗಿವೆಯೇ? (ಹಾಸನ)

ಉತ್ತರ: ಶ್ರೇಷ್ಠ ಕೃತಿಯಲ್ಲ. ಶರತ್‌ಚಂದ್ರರು ಅದನ್ನು ಎಳೆಯ ವಯಸ್ಸಿನಲ್ಲಿ ಬರೆದು ಬಹಳ ವರ್ಷ ಹೊರಗೆ ಬಿಡದೆ ಇಟ್ಟುಕೊಂಡಿದ್ದರು; ಪುಸ್ತಕವಾಗಿ ಬಂದದ್ದು 1917ರಲ್ಲಿ. 'ಶ್ರೀಕಾಂತ'ದ ವಿಸ್ತಾರವಾಗಲಿ 'ಪಲ್ಲೀಸಮಾಜ'ದ ಸಾಮಾಜಿಕ ದೃಷ್ಟಿಯಾಗಲಿ ಅದರಲ್ಲಿಲ್ಲ. ಆದರೆ ಅದರ ಒಳರಚನೆ ತೀರ ಸರಳವಾದದ್ದು: ಹಳ್ಳಿಯಲ್ಲೊಬ್ಬಳು ಹೆಣ್ಣು, ನಗರದಲ್ಲೊಬ್ಬಳು ಹೆಣ್ಣು, ಎರಡೂ ಕಡೆ ನೆಲೆ ನಿಲ್ಲಲಾರದ ಒಬ್ಬ ಗಂಡು. ಜಮೀನ್ದಾರಿಯ ಸುಖವನ್ನು ಬಿಡಲಾರದೆ, ಅದರ ಕಟ್ಟುಪಾಡನ್ನು ಮುರಿಯಲೂ ಆರದೆ, ತನ್ನನ್ನೇ ನಾಶಮಾಡಿಕೊಳ್ಳುವ ಈ ದುರ್ಬಲ ಯುವಕನಲ್ಲಿ ಪ್ರತಿಯೊಂದು ತಲೆಮಾರೂ ತನ್ನ ಕಾಲದ ಸೋಲನ್ನು ಕಂಡುಕೊಂಡಿತು.

ಮೂಕಿಚಿತ್ರ ಬಂದದ್ದು 1928ರಲ್ಲಿ. 1935ರಲ್ಲಿ ಪ್ರಮಥೇಶ್ ಬರುವಾ ನ್ಯೂ ಥಿಯೇಟರ್ಸ್‌ಗಾಗಿ ಬಂಗಾಳಿಯಲ್ಲಿ ತಾವೇ ನಿರ್ದೇಶಿಸಿ ನಾಯಕನಾಗಿ ನಟಿಸಿದರು. ಅದರ ಬೆನ್ನಿಗೇ ಬಂದ ಹಿಂದಿ ಆವೃತ್ತಿಯಲ್ಲಿ ಕೆ. ಎಲ್. ಸೈಗಲ್ ದೇವದಾಸನಾದರು. ಆ ಹಿಂದಿ ಚಿತ್ರಕ್ಕೆ ಛಾಯಾಗ್ರಹಣ ಮಾಡಿದ್ದ ಬಿಮಲ್ ರಾಯ್ ಅವರೇ 1955ರಲ್ಲಿ ದಿಲೀಪ್ ಕುಮಾರ್, ಸುಚಿತ್ರಾ ಸೇನ್, ವೈಜಯಂತಿಮಾಲಾ ಅವರೊಂದಿಗೆ ತಮ್ಮದೊಂದು 'ದೇವದಾಸ್' ಮಾಡಿದರು. 1953ರಲ್ಲಿ ಅಕ್ಕಿನೇನಿ ನಾಗೇಶ್ವರ ರಾವ್ ಮತ್ತು ಸಾವಿತ್ರಿ ನಟಿಸಿದ 'ದೇವದಾಸು' ತೆಲುಗಿನಲ್ಲೂ ತಮಿಳಿನಲ್ಲೂ ಬಂತು. 2002ರ ಸಂಜಯ್ ಲೀಲಾ ಭನ್ಸಾಲಿಯವರ ಚಿತ್ರವಂತೂ ಎಲ್ಲರಿಗೂ ಗೊತ್ತು.

ನಿಷ್ಠೆಯ ಮಾತಿಗೆ ಬಂದರೆ, ಎರಡು ವ್ಯತ್ಯಾಸಗಳನ್ನು ಮಾತ್ರ ಹೇಳುತ್ತೇನೆ. ಕಾದಂಬರಿಯಲ್ಲಿ ಹಳ್ಳಿಯ ಪಾರ್ವತಿ ಮತ್ತು ನಗರದ ಚಂದ್ರಮುಖಿ ಒಮ್ಮೆಯೂ ಭೇಟಿಯಾಗುವುದಿಲ್ಲ. ಬಿಮಲ್ ರಾಯ್ ಅವರಿಬ್ಬರನ್ನು ದಾರಿಯಲ್ಲಿ ಒಂದು ಕ್ಷಣ ಎದುರುಬದುರಾಗಿಸಿ, ಒಂದು ಮಾತನ್ನೂ ಆಡಿಸದೆ ಸಾಗಿಸಿಬಿಡುತ್ತಾರೆ. ಭನ್ಸಾಲಿ ಇಬ್ಬರನ್ನೂ ಒಂದೇ ಅಂಗಳದಲ್ಲಿ ಕುಣಿಸುತ್ತಾರೆ. ಮೊದಲನೆಯದು ಕಾದಂಬರಿಯ ಮನಸ್ಸನ್ನು ಅರಿತ ಸೇರ್ಪಡೆ, ಎರಡನೆಯದು ಪ್ರೇಕ್ಷಕರ ಕಣ್ಣಿಗಾಗಿ ಮಾಡಿದ್ದು. ಇನ್ನು ಮುಕ್ತಾಯ. ಸಾಯುತ್ತಿರುವ ದೇವದಾಸನತ್ತ ಪಾರ್ವತಿ ಓಡಿಬರುವಾಗ ಅವಳ ಎದುರಿಗೆ ಮನೆಯ ಹೆಬ್ಬಾಗಿಲು ಮುಚ್ಚಿಕೊಳ್ಳುವುದು ಸಿನಿಮಾದ ಕಲ್ಪನೆ. ಮೂಲದಲ್ಲಿ ಅವಳಿಗೆ ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಕೊನೆಯಲ್ಲಿ ಲೇಖಕರೇ ಓದುಗರತ್ತ ತಿರುಗಿ, ಸಾಯುವ ಗಳಿಗೆಯಲ್ಲಿ ಪ್ರೀತಿಯ ಒಂದು ಕೈಯಾದರೂ ಹಣೆಯನ್ನು ಮುಟ್ಟುವಂತಾಗಲಿ ಎಂದು ಇಂಥವರಿಗಾಗಿ ಪ್ರಾರ್ಥಿಸಿರೆಂದು ಕೇಳಿಕೊಳ್ಳುತ್ತಾರೆ. ಕಾದಂಬರಿಯನ್ನು ಓದದೆ ಚಿತ್ರಗಳನ್ನಷ್ಟೇ ನೋಡಿದವರಿಗೆ ಈ ದನಿ ಸಿಕ್ಕಿರುವುದಿಲ್ಲ.

ಪ್ರಶ್ನೆ: ಸತ್ಯಜಿತ್ ರೇ ಅವರನ್ನು ಸಾಹಿತ್ಯನಿಷ್ಠ ನಿರ್ದೇಶಕರೆಂದು ಹೊಗಳುತ್ತಾರೆ. ಆದರೆ ಅವರು 'ಪಥೇರ್ ಪಾಂಚಾಲಿ'ಯಲ್ಲೂ 'ಚಾರುಲತಾ'ದಲ್ಲೂ ಮೂಲವನ್ನು ಸಾಕಷ್ಟು ಬದಲಾಯಿಸಿದ್ದಾರೆಂದು ಓದಿದೆ. ಇದು ಲೇಖಕನಿಗೆ ಮಾಡಿದ ಅನ್ಯಾಯವಲ್ಲವೇ? (ಶಿರಸಿ)

ಉತ್ತರ: ಈ ಪ್ರಶ್ನೆ ಬಂದದ್ದು ನನಗೆ ಬಹಳ ಸಂತೋಷ ತಂದಿದೆ, ಏಕೆಂದರೆ ಕಾದಂಬರಿ ಮತ್ತು ಸಿನಿಮಾಗಳ ಸಂಬಂಧದ ಸಾರವೆಲ್ಲ ಇದರಲ್ಲಿದೆ.

ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಪುಸ್ತಕವಾಗಿ ಬಂದದ್ದು 1929ರಲ್ಲಿ. ರೇ ಅದರ ಒಡನಾಟಕ್ಕೆ ಮೊದಲು ಬಂದದ್ದು ನಿರ್ದೇಶಕರಾಗಿ ಅಲ್ಲ, ಚಿತ್ರಕಾರರಾಗಿ: ಸಿಗ್ನೆಟ್ ಪ್ರೆಸ್ ಹೊರತಂದ ಮಕ್ಕಳ ಸಂಗ್ರಹಾವೃತ್ತಿಗೆ ಅವರು ಚಿತ್ರ ಬರೆದರು. ಕಾದಂಬರಿಗೆ ಬಿಗಿಯಾದ ಕಥಾಹಂದರವಿಲ್ಲ. ನಿಶ್ಚಿಂದಿಪುರದ ಕಾಡು, ಕೆರೆ, ಬಿದಿರುಮೆಳೆ, ಹಸಿವು, ಹಬ್ಬ ಎಲ್ಲವೂ ಅಪು ಎಂಬ ಹುಡುಗನ ಕಣ್ಣಿನ ಮುಂದೆ ನಿಧಾನವಾಗಿ ಹಾದುಹೋಗುತ್ತವೆ. ಮುದುಕಿ ಇಂದಿರ್ ಠಾಕ್ರುಣ್ ಕಾದಂಬರಿಯ ಆರಂಭದ ಭಾಗದಲ್ಲೇ ತೀರಿಹೋಗುತ್ತಾಳೆ. ರೇ ಅವಳನ್ನು ಚಿತ್ರದ ನಡುವಿನವರೆಗೂ ಬದುಕಿಸಿದರು, ಮಕ್ಕಳೇ ಅವಳ ಸಾವನ್ನು ಕಾಣುವಂತೆ ಮಾಡಿದರು. ಅಪುವಿನ ಅಕ್ಕ ದುರ್ಗಾ ರೈಲನ್ನು ನೋಡಲು ಹಂಬಲಿಸಿ ನೋಡದೆಯೇ ಸಾಯುವುದು ಕಾದಂಬರಿಯ ಅತಿ ದೊಡ್ಡ ನೋವುಗಳಲ್ಲಿ ಒಂದು; ಚಿತ್ರದಲ್ಲಿ ಅಕ್ಕತಮ್ಮ ಇಬ್ಬರೂ ಬಿಳಿಯ ಕಾಶಹುಲ್ಲಿನ ಬಯಲನ್ನು ದಾಟಿ ರೈಲಿನತ್ತ ಓಡುತ್ತಾರೆ. ಅಕ್ಕ ಕದ್ದಿದ್ದ ವಸ್ತು ಅವಳ ಸಾವಿನ ನಂತರ ಅಪುವಿಗೆ ಸಿಗುವ ಸನ್ನಿವೇಶವನ್ನು ಗಮನಿಸಿ. ಕಾದಂಬರಿಯಲ್ಲಿ ಅದು ಸಿಂಧೂರದ ಪುಟ್ಟ ಚಿನ್ನದ ಭರಣಿ, ಅವನು ಅದನ್ನು ಬಿದಿರುಮೆಳೆಗೆ ಎಸೆಯುತ್ತಾನೆ. ಚಿತ್ರದಲ್ಲಿ ಅದು ಮಣಿಹಾರ. ಕೊಳಕ್ಕೆ ಎಸೆದಾಗ ನೀರಿನ ಪಾಚಿ ಒಮ್ಮೆ ಬಿರಿದು ಮತ್ತೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಅಕ್ಕನ ಗುಟ್ಟನ್ನು ತಮ್ಮ ತನ್ನೊಳಗೆ ಮುಚ್ಚಿಟ್ಟುಕೊಂಡನೆಂಬುದನ್ನು ವಿಭೂತಿಭೂಷಣರು ವಾಕ್ಯದಲ್ಲಿ ಹೇಳಿದರು, ರೇ ಪಾಚಿಯಲ್ಲಿ ತೋರಿಸಿದರು. ಇದನ್ನು ಅನ್ಯಾಯವೆನ್ನಲು ನನ್ನಿಂದಾಗದು.

'ಚಾರುಲತಾ' ವಿಷಯ ಇನ್ನೂ ಸೂಕ್ಷ್ಮವಾದದ್ದು. 1901ರಲ್ಲಿ ಬಂದ ರವೀಂದ್ರನಾಥ ಠಾಕೂರರ 'ನಷ್ಟನೀಡ' ಎಂಬ ನೀಳ್ಗತೆ ಅದರ ಮೂಲ. ಪತ್ರಿಕೆಯ ಕೆಲಸದಲ್ಲಿ ಮುಳುಗಿದ ಗಂಡ ಭೂಪತಿ, ಸಾಹಿತ್ಯಪ್ರೀತಿಯ ಮೈದುನ ಅಮಲ, ಇಬ್ಬರ ನಡುವೆ ತನ್ನ ಮನಸ್ಸನ್ನು ತಾನೇ ಅರಿಯದೆ ಒಂಟಿಯಾಗುವ ಚಾರು. ಕಥೆಯ ಕೊನೆ ಕನ್ನಡಿಗರಿಗೆ ವಿಶೇಷವಾಗಿ ಕುತೂಹಲಕರವಾಗಿದೆ: ಭೂಪತಿ ಮೈಸೂರಿನ ಒಂದು ಪತ್ರಿಕೆಯ ಸಂಪಾದಕತ್ವ ವಹಿಸಿಕೊಂಡು ಹೊರಡುತ್ತಾನೆ. ತನ್ನನ್ನೂ ಕರೆದುಕೊಂಡು ಹೋಗೆಂದು ಚಾರು ಕೇಳುತ್ತಾಳೆ, ಅವನು ಹಿಂಜರಿಯುತ್ತಾನೆ. ಅವಳ ಮುಖ ಬಿಳಿಚಿಕೊಂಡದ್ದನ್ನು ಕಂಡು ಬಾ ಎನ್ನುವಷ್ಟರಲ್ಲಿ ಅವಳು ಬೇಡವೆಂದುಬಿಡುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. 1964ರ ಚಿತ್ರದಲ್ಲಿ ಮೈಸೂರಿನ ಪ್ರಸ್ತಾಪವಿಲ್ಲ. ಮನೆಗೆ ಮರಳಿದ ಗಂಡನತ್ತ ಹೆಂಡತಿ ಕೈಚಾಚುತ್ತಾಳೆ, ಎರಡು ಕೈಗಳೂ ಕೂಡುವ ಮೊದಲೇ ಚಿತ್ರ ನಿಶ್ಚಲವಾಗುತ್ತದೆ. ಠಾಕೂರರ ಮುಕ್ತಾಯ ಮುರಿದುಹೋದದ್ದರ ಬಗ್ಗೆ ಸಂಶಯವನ್ನೇ ಉಳಿಸುವುದಿಲ್ಲ. ರೇ ಒಂದು ಎಳೆಯಷ್ಟು ಸಂಶಯವನ್ನು ಉಳಿಸುತ್ತಾರೆ. ಆದರೆ ಅದೇ ಚಿತ್ರದ ಆರಂಭದಲ್ಲಿ, ಬಹುತೇಕ ಮಾತೇ ಇಲ್ಲದೆ, ಚಾರು ದೂರದರ್ಶಕವನ್ನು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡಾಡುತ್ತ ಬೀದಿಯ ಜನರನ್ನು ನೋಡುತ್ತಾಳೆ. ಆಮೇಲೆ ಪುಸ್ತಕದಲ್ಲಿ ಮುಳುಗಿ ತನ್ನ ಪಕ್ಕದಲ್ಲೇ ಹಾದುಹೋಗುವ ಗಂಡನನ್ನೂ ಅದೇ ದೂರದರ್ಶಕದಿಂದ ನೋಡುತ್ತಾಳೆ. ಈ ದೂರದರ್ಶಕ ಮೂಲದಲ್ಲಿಲ್ಲ. ಠಾಕೂರರು ಅನೇಕ ಪುಟಗಳಲ್ಲಿ ಕಟ್ಟಿದ ಒಂಟಿತನಕ್ಕೆ ಇಷ್ಟು ಸರಿಯಾದ ದೃಶ್ಯರೂಪ ಬೇರೊಂದಿರಲಾರದು.

ಆದ್ದರಿಂದ ಬದಲಾವಣೆ ಆಗಿದೆಯೇ ಎನ್ನುವುದಕ್ಕಿಂತ, ಬದಲಾಯಿಸಿದವರು ಮೂಲವನ್ನು ಎಷ್ಟು ಆಳವಾಗಿ ಓದಿದ್ದರು ಎಂದು ಕೇಳುವುದು ಉಚಿತ. ಮೃಣಾಲ್ ಸೇನ್ 1969ರಲ್ಲಿ ಬನಫೂಲರ 'ಭುವನ ಸೋಮ' ಕಥೆಯನ್ನು ಬಿಹಾರದ ಕಡೆಯಿಂದ ಸೌರಾಷ್ಟ್ರದ ಮರಳಿಗೇ ಎತ್ತಿಕೊಂಡು ಹೋದರು. ಒಬ್ಬ ಕಠಿಣ ರೈಲ್ವೆ ಅಧಿಕಾರಿ ಒಬ್ಬ ಹಳ್ಳಿಹುಡುಗಿಯ ಮುಂದೆ ಕರಗುವ ಸೊಗಸು ಅಲ್ಲಿಯೂ ಉಳಿಯಿತು.

ಪ್ರಶ್ನೆ: ಸಿನಿಮಾದ ಮಾತೇ ಎಲ್ಲೆಡೆ ಕೇಳುತ್ತೇವೆ. ಬಂಗಾಳಿ ಕಾದಂಬರಿಗಳು ರಂಗಭೂಮಿಗೆ ಏನು ಕೊಟ್ಟವು? (ಧಾರವಾಡ)

ಉತ್ತರ: ಕಾಲಕ್ರಮದಲ್ಲಿ ರಂಗಭೂಮಿಯೇ ಮೊದಲು. 1872ರಲ್ಲಿ ಕಲ್ಕತ್ತಾದ ನ್ಯಾಷನಲ್ ಥಿಯೇಟರ್ ದೀನಬಂಧು ಮಿತ್ರರ 'ನೀಲದರ್ಪಣ'ದೊಂದಿಗೆ ಟಿಕೆಟ್ಟಿನ ಸಾರ್ವಜನಿಕ ಪ್ರದರ್ಶನಗಳನ್ನು ಆರಂಭಿಸಿತು. ಮರುವರ್ಷ ಬೆಂಗಾಲ್ ಥಿಯೇಟರ್ ಸ್ತ್ರೀಪಾತ್ರಗಳಿಗೆ ನಟಿಯರನ್ನೇ ತಂದಿತು, 'ದುರ್ಗೇಶನಂದಿನಿ'ಯನ್ನು ರಂಗಕ್ಕೇರಿಸಿತು. ನಾಟಕ ಬರೆಯುವವರು ಕಡಿಮೆ, ವಾರವಾರವೂ ಹೊಸತು ಬೇಡುವ ಪ್ರೇಕ್ಷಕರು ಹೆಚ್ಚು. ಹೀಗಾಗಿ ಗಿರೀಶಚಂದ್ರ ಘೋಷರು ಬಂಕಿಮರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ನಾಟಕವಾಗಿಸಿದರು. 'ಮೃಣಾಲಿನಿ'ಯ ಮನೋರಮೆಯಂತಹ ಪಾತ್ರಗಳಲ್ಲಿ ಬಿನೋದಿನಿ ದಾಸಿ ಹೆಸರಾದರು. ಸಮಾಜ ಹೊರಗಿಟ್ಟ ಹೆಣ್ಣುಮಕ್ಕಳೇ ಕುಲೀನ ನಾಯಕಿಯರಾಗಿ ರಂಗದ ಮೇಲೆ ನಿಂತು ಮಾತನಾಡಿದ್ದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ಶಿಶಿರ್ ಕುಮಾರ್ ಭಾದುಡಿ 1927ರಲ್ಲಿ ಶರತ್‌ಚಂದ್ರರ ಅದೇ 'ದೇನಾ ಪಾವನಾ'ವನ್ನು 'ಷೋಡಶಿ' ಎಂಬ ಹೆಸರಿನಲ್ಲಿ ಆಡಿ, ಪೌರಾಣಿಕ ಆರ್ಭಟಕ್ಕೆ ಒಗ್ಗಿದ್ದ ರಂಗಕ್ಕೆ ತಗ್ಗಿದ ದನಿಯ ಸಾಮಾಜಿಕ ಅಭಿನಯವನ್ನು ತಂದರು. 1951ರಲ್ಲಿ ಶಂಭು ಮಿತ್ರರ ಬಹುರೂಪಿ ತಂಡ ಠಾಕೂರರ 'ಚಾರ್ ಅಧ್ಯಾಯ' ಕಾದಂಬರಿಯನ್ನು ನಾಟಕವಾಗಿಸಿತು. ಠಾಕೂರರು ರಂಗಕ್ಕೆ ಒಗ್ಗುವುದಿಲ್ಲ ಎಂಬ ನಂಬಿಕೆ ಬಹುರೂಪಿಯ ಈ ಪ್ರಯತ್ನದಿಂದಲೂ, 1954ರಲ್ಲಿ ಅದು ಆಡಿದ ಠಾಕೂರರ 'ರಕ್ತಕರಬಿ' ನಾಟಕದಿಂದಲೂ ಕಳಚಿಬಿತ್ತು. ಅದ್ವೈತ ಮಲ್ಲಬರ್ಮನ್ ತಾವು ಹುಟ್ಟಿದ ಮಾಲೋ ಬೆಸ್ತರ ಬದುಕನ್ನು ಬರೆದ 'ತಿತಾಸ್ ಏಕ್ಟಿ ನದಿರ್ ನಾಮ್' ಅವರು ಕ್ಷಯದಿಂದ ತೀರಿಕೊಂಡ ಮೇಲೆ 1956ರಲ್ಲಿ ಪುಸ್ತಕವಾಯಿತು. 1963ರಲ್ಲಿ ಉತ್ಪಲ್ ದತ್ ಅದನ್ನು ಮಿನರ್ವಾ ರಂಗಮಂದಿರದಲ್ಲಿ ಆಡಿದರು. ಋತ್ವಿಕ್ ಘಟಕ್ ಬಾಂಗ್ಲಾದೇಶಕ್ಕೆ ಹೋಗಿ ಅದನ್ನು ಚಿತ್ರವಾಗಿಸಿದ್ದು ಹತ್ತು ವರ್ಷಗಳ ನಂತರ, 1973ರಲ್ಲಿ.

ರಂಗ ಮತ್ತು ತೆರೆಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ಕಾಣಬೇಕಾದರೆ ಮಹಾಶ್ವೇತಾ ದೇವಿಯವರ 'ರುದಾಲಿ'ಯನ್ನು ನೋಡಬೇಕು. ಕಥೆಯ ಸನಿಚರಿ ಬಡವಿ, ತನ್ನವರ ಸಾವಿಗೆ ಅಳಲೂ ಪುರಸೊತ್ತಿಲ್ಲದವಳು. ಮುಂದೆ ಶ್ರೀಮಂತರ ಸಾವಿಗೆ ಕೂಲಿಗೆ ಅಳುತ್ತಾಳೆ, ಕೊನೆಗೆ ಪೇಟೆಯ ವೇಶ್ಯೆಯರನ್ನೆಲ್ಲ ಕೂಡಿಸಿಕೊಂಡು ಅದನ್ನೊಂದು ಕಸುಬಾಗಿ ಕಟ್ಟುತ್ತಾಳೆ. ಕಥೆಯಲ್ಲಿ ಅಳು ಬಡವರ ಕೈಯ ಆಯುಧ. ಉಷಾ ಗಂಗೂಲಿಯವರ ರಂಗಕರ್ಮಿ ತಂಡ 1992ರಲ್ಲಿ ಹಿಂದಿಯಲ್ಲಿ ಆಡಿದ ನಾಟಕ ಈ ತಿರುಳನ್ನು ಹಿಡಿದುಕೊಂಡಿತು. ಮರುವರ್ಷ ಬಂದ ಕಲ್ಪನಾ ಲಾಜ್ಮಿಯವರ ಚಿತ್ರ ಕಥೆಯನ್ನು ರಾಜಸ್ಥಾನಕ್ಕೆ ಒಯ್ದು, ಗೆಳತಿ ಭಿಕ್ನಿಯನ್ನು ಸನಿಚರಿಯ ತಾಯಿಯೆಂದು ಮಾಡಿ, ಕಡೆಗೆ ಅವಳ ಕಣ್ಣಿನಲ್ಲಿ ನಿಜವಾದ ನೀರು ತರಿಸಿತು. ಡಿಂಪಲ್ ಕಪಾಡಿಯಾ ಅವರ ಅಭಿನಯಕ್ಕೂ ಭೂಪೇನ್ ಹಜಾರಿಕಾ ಅವರ ಸಂಗೀತಕ್ಕೂ ತಲೆಬಾಗುತ್ತೇನೆ. ಆದರೆ ಮಹಾಶ್ವೇತಾ ದೇವಿಯವರ ಸಿಟ್ಟು ಆ ಚಿತ್ರದಲ್ಲಿ ಕಣ್ಣೀರಾಗಿ ತೆಳುವಾಯಿತೆಂದು ಹೇಳಲೇಬೇಕು. ಅವರದೇ 'ದ್ರೌಪದಿ' ಕಥೆಯನ್ನು ಮಣಿಪುರದ ರಂಗನಿರ್ದೇಶಕ ಕನ್ಹಾಯಿಲಾಲ್ 2000ದಲ್ಲಿ ರಂಗಕ್ಕೆ ತಂದಾಗ, ನಟಿ ಹೈಸ್ನಾಮ್ ಸಾಬಿತ್ರಿಯವರ ದೇಹವೇ ಆ ಸಿಟ್ಟಾಯಿತು.

ಪ್ರಶ್ನೆ: ಆಶಾಪೂರ್ಣಾ ದೇವಿಯವರಿಗೆ ಸಿನಿಮಾದಲ್ಲಿ ತಕ್ಕ ಸ್ಥಾನ ಸಿಕ್ಕಿದೆಯೇ? (ಮೈಸೂರು)

ಉತ್ತರ: ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. 1964ರ 'ಪ್ರಥಮ ಪ್ರತಿಶ್ರುತಿ'ಗೆ ಅವರು 1976ರ ಜ್ಞಾನಪೀಠ ಪಡೆದರು; ಅದರ ಮರುವರ್ಷದ ಪ್ರಶಸ್ತಿ ನಮ್ಮ ಶಿವರಾಮ ಕಾರಂತರಿಗೆ ಬಂತು. ತನಗೆ ತಿಳಿಸದೆ ಎಳೆಯ ಮಗಳ ಮದುವೆ ಮಾಡಿಬಿಟ್ಟರೆಂದು ತಿಳಿದ ಸತ್ಯವತಿ ಸಂಸಾರವನ್ನೇ ತೊರೆದು ಹೊರಡುವ ಅದರ ಮುಕ್ತಾಯ ಭಾರತೀಯ ಕಾದಂಬರಿಯ ಮಹಾಕ್ಷಣಗಳಲ್ಲೊಂದು. ಆದರೆ ಆಶಾಪೂರ್ಣಾ ಅವರ ಶಕ್ತಿ ಇರುವುದು ಘಟನೆಗಳಲ್ಲಿ ಅಲ್ಲ, ದಿನದಿನದ ಚುಚ್ಚುಮಾತು ಮೂರು ತಲೆಮಾರುಗಳಲ್ಲಿ ಕೂಡಿಬರುವ ಬಗೆಯಲ್ಲಿ. ಎರಡು ಗಂಟೆಯ ಚಿತ್ರಕ್ಕೆ ಅದು ಸುಲಭವಾಗಿ ದಕ್ಕುವುದಿಲ್ಲ. ತಾಳ್ಮೆಯುಳ್ಳ ನಿರ್ದೇಶಕರೊಬ್ಬರು 'ಪ್ರಥಮ ಪ್ರತಿಶ್ರುತಿ'ಯಿಂದ ಆರಂಭವಾಗುವ ಸರಣಿಯ ಮೂರು ಕಾದಂಬರಿಗಳನ್ನೂ ದೀರ್ಘ ಧಾರಾವಾಹಿಯಾಗಿ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಬಂಗಾಳಿ ಸಾಹಿತ್ಯದ ಈ ಪಯಣದಲ್ಲಿ ಕನ್ನಡಿಗರ ಪಾಲೇನಾದರೂ ಇದೆಯೇ? (ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು)

ಉತ್ತರ: ಇದೆ. ಬಿ. ವೆಂಕಟಾಚಾರ್ಯರು (1845–1914) ಬಂಗಾಳಿಯನ್ನು ಕಲಿತು ಬಂಕಿಮರ ಕಾದಂಬರಿಗಳನ್ನು ಮೂಲದಿಂದಲೇ ಕನ್ನಡಕ್ಕೆ ತಂದರು. ನಮ್ಮಲ್ಲಿ ಕಾದಂಬರಿ ಓದುವ ಅಭ್ಯಾಸವನ್ನು ಬೆಳೆಸಿದವರಲ್ಲಿ ಅವರ ಹೆಸರು ಮೊದಲು ಬರಬೇಕು; ಅವರ 'ದುರ್ಗೇಶನಂದಿನಿ', 'ಆನಂದಮಠ'ಗಳನ್ನು ಓದಿ ಬೆಳೆದ ತಲೆಮಾರೇ ಮುಂದೆ ಸ್ವತಂತ್ರ ಕನ್ನಡ ಕಾದಂಬರಿಗೆ ಓದುಗರಾಯಿತು.

ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್ ಪಡುಕೋಣೆ ಬಾಲ್ಯದ ಬಹುಭಾಗವನ್ನು ಕಲ್ಕತ್ತಾದಲ್ಲಿ ಕಳೆದು ಬಂಗಾಳಿಯನ್ನು ಮನೆಮಾತಿನಂತೆ ಆಡುತ್ತಿದ್ದವರು. ಬಿಮಲ್ ಮಿತ್ರರ 'ಸಾಹೇಬ್ ಬೀಬಿ ಗೋಲಾಮ್' ಬಂಗಾಳಿಯಲ್ಲಿ 1956ರಲ್ಲೇ ಚಿತ್ರವಾಗಿದ್ದರೂ, 1962ರಲ್ಲಿ ಗುರುದತ್ ಅದನ್ನು ಹಿಂದಿಯಲ್ಲಿ ನಿರ್ಮಿಸಿ ಭೂತನಾಥನ ಪಾತ್ರವನ್ನು ತಾವೇ ಮಾಡಿದರು. ನಿರ್ದೇಶಕರ ಹೆಸರು ಅಬ್ರಾರ್ ಅಲ್ವಿಯವರದು. ಕುಸಿಯುತ್ತಿರುವ ಜಮೀನ್ದಾರಿ ಹವೇಲಿಯಲ್ಲಿ ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಲು ತಾನೇ ಕುಡಿತಕ್ಕೆ ಇಳಿಯುವ ಛೋಟಿ ಬಹುವಾಗಿ ಮೀನಾ ಕುಮಾರಿ ಆ ಕಾದಂಬರಿಯನ್ನು ಇಡೀ ದೇಶಕ್ಕೆ ತಲುಪಿಸಿದರು. ಬಿಮಲ್ ಮಿತ್ರರು ಮುಂದೆ ಗುರುದತ್ತರ ಬಗ್ಗೆಯೇ ಒಂದು ಪುಸ್ತಕ ಬರೆದರು.

ಶರತ್‌ಚಂದ್ರರ ಕಥೆಯನ್ನು ಆಧರಿಸಿ ಬಾಸು ಚಟರ್ಜಿ 1977ರಲ್ಲಿ ನಿರ್ದೇಶಿಸಿದ 'ಸ್ವಾಮಿ'ಯಲ್ಲಿ ಶಬಾನಾ ಆಜ್ಮಿಯವರ ಪತಿಯಾಗಿ ನಟಿಸಿದವರು ಗಿರೀಶ ಕಾರ್ನಾಡರು. ತಾಳ್ಮೆಯೇ ಗುಣವಾದ ಗಂಡನನ್ನು ಪೆದ್ದನಾಗಿಸದೆ ಆಡುವುದು ಕಷ್ಟ, ಕಾರ್ನಾಡರು ಅದನ್ನು ಸಾಧಿಸಿದ್ದಾರೆ. ರಮಾಪದ ಚೌಧುರಿಯವರ ಕಾದಂಬರಿಯಿಂದ ಮೃಣಾಲ್ ಸೇನ್ ಮಾಡಿದ 1982ರ 'ಖಾರಿಜ್' ಚಿತ್ರಕ್ಕೆ ಸಂಗೀತ ನಮ್ಮ ಬಿ. ವಿ. ಕಾರಂತರದು. ಮನೆಗೆಲಸದ ಹುಡುಗ ಚಳಿಗಾಲದ ರಾತ್ರಿ ಅಡುಗೆಮನೆಯಲ್ಲಿ ಮಲಗಿ ಇದ್ದಿಲ ಹೊಗೆಗೆ ಸತ್ತುಹೋಗುವುದು ಅದರ ವಸ್ತು. ಮುಂದಿನ ವರ್ಷ ಅದಕ್ಕೆ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಬಂತು.

ಪ್ರಶ್ನೆ: ಹೊಸದಾಗಿ ಆರಂಭಿಸುವವರು ಮೊದಲು ಕಾದಂಬರಿ ಓದಬೇಕೋ, ಚಿತ್ರ ನೋಡಬೇಕೋ? (ಕಾಸರಗೋಡು, ಪದವಿ ವಿದ್ಯಾರ್ಥಿನಿ)

ಉತ್ತರ: ಎಲ್ಲಕ್ಕೂ ಒಂದೇ ನಿಯಮ ಮಾಡಿಕೊಳ್ಳಬೇಡಿ. 'ನಷ್ಟನೀಡ'ವನ್ನು ಮೊದಲು ಓದಿ. ಚಿಕ್ಕದು, ಒಂದೆರಡು ದಿನದಲ್ಲಿ ಮುಗಿಯುತ್ತದೆ, ಆಮೇಲೆ 'ಚಾರುಲತಾ' ನೋಡುವಾಗ ನಿಮ್ಮ ಕಣ್ಣು ಹೆಚ್ಚು ಹುಷಾರಾಗಿರುತ್ತದೆ. 'ಪಥೇರ್ ಪಾಂಚಾಲಿ'ಯನ್ನು ಮೊದಲು ನೋಡಿದರೂ ನಷ್ಟವಿಲ್ಲ, ಏಕೆಂದರೆ ಕಾದಂಬರಿಯಲ್ಲಿ ಚಿತ್ರಕ್ಕೆ ಸಿಗದೆ ಉಳಿದದ್ದು ಧಾರಾಳವಾಗಿದೆ. ಅದರ ಕಾಶಿಯ ಅಧ್ಯಾಯಗಳನ್ನು ರೇ ತಮ್ಮ ಎರಡನೆಯ ಚಿತ್ರ 'ಅಪರಾಜಿತೋ'ಗೆ ಬಳಸಿಕೊಂಡರು, ಅದನ್ನೂ ಜೊತೆಗಿಟ್ಟುಕೊಳ್ಳಿ. ಮಾಣಿಕ್ ಬಂದ್ಯೋಪಾಧ್ಯಾಯರ 1936ರ 'ಪದ್ಮಾ ನದಿರ್ ಮಾಝಿ'ಯನ್ನು ಮಾತ್ರ ಗೌತಮ್ ಘೋಷರ 1993ರ ಚಿತ್ರಕ್ಕಿಂತ ಮುಂಚೆಯೇ ಓದಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಸೇನ್ ಮಿಯಾ ಎಂಬ ಪಾತ್ರ ಒಳ್ಳೆಯವನೋ ಕೆಟ್ಟವನೋ ಎಂದು ನಿರ್ಧರಿಸುವ ಹೊಣೆಯನ್ನು ಮಾಣಿಕ್ ಓದುಗರಿಗೇ ಬಿಟ್ಟಿದ್ದಾರೆ. ತೆರೆಯ ಮೇಲೆ ಒಬ್ಬ ನಟನ ಮುಖ ಕಾಣುವ ಮೊದಲು ಆ ನಿರ್ಧಾರವನ್ನು ನೀವೇ ಮಾಡಿಕೊಂಡಿರುವುದು ಒಳ್ಳೆಯದು.